ಅರಿವಳಿಕೆ ಇಲ್ಲದೆ ಹಲ್ಲಿನ ಗಾರೆ ಕೆರೆಸಬಹುದಾ? ನಾಯಿ, ಬೆಕ್ಕಿನ ಹಲ್ಲಿನ ಬಗ್ಗೆ ಚರ್ಚೆ

ನಾಲ್ಕುಕಾಲು:
7 ವರ್ಷದ ಸಣ್ಣ ತಳಿ ನಾಯಿ, ತೂಕ 5 ಕೆಜಿ. ಮೇಲ್ದವಡೆಯ ಹಿಂದಿನ ದೊಡ್ಡ ಹಲ್ಲುಗಳ ಮೇಲೆ ಕಂದು ಗಾರೆ ಕಟ್ಟಿದೆ, ಬಾಯಿ ನಾರುತ್ತದೆ, ಊಟ ಮಾತ್ರ ಬಿಟ್ಟಿಲ್ಲ. ಗ್ರೂಮಿಂಗ್ ಮಾಡುವವರು "ಎಚ್ಚರ ಇರುವಾಗಲೇ ಕೈ ಸ್ಕೇಲರ್‌ನಲ್ಲಿ ಕೆರೆದು ಬಿಳಿ ಮಾಡ್ಕೊಡ್ತೀವಿ" ಅನ್ನುತ್ತಾರೆ. ಪಶುವೈದ್ಯರು ಪೂರ್ತಿ ಅರಿವಳಿಕೆ, ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ಬೇಕು ಅನ್ನುತ್ತಾರೆ. ನಿಜವಾಗಿ ವ್ಯತ್ಯಾಸ ಏನು? ಮನೆಯಲ್ಲಿ ಬೆಕ್ಕೂ ಇದೆ, ಅದಕ್ಕೂ ಇದೇ ಕ್ರಮವಾ?

ದಂತಪಶು:
ಕಣ್ಣಿಗೆ ಕಾಣುವ ಆ ಕಂದು ಗಾರೆಯಿಂದ ಆಗುವ ಹಾನಿ ಕಡಿಮೆ. ಹಾನಿ ಮಾಡುವುದು ವಸಡಿನ ಅಂಚಿನ ಒಳಗೆ ಕೂತ ಪ್ಲಾಕ್, ಅಂದರೆ ಬ್ಯಾಕ್ಟೀರಿಯಾಗಳ ಅಂಟುಪದರ. ಪೂರ್ತಿ ಸ್ವಚ್ಛ ಮಾಡಿದ ಹಲ್ಲಿನ ಮೇಲೂ 24 ಗಂಟೆಯೊಳಗೆ ಅದು ಮತ್ತೆ ಕೂರುತ್ತದೆ. ಉಜ್ಜಿ ತೆಗೆಯದಿದ್ದರೆ 2-3 ದಿನದಲ್ಲಿ ಜೊಲ್ಲಿನ ಖನಿಜ ಸೇರಿಕೊಂಡು ಟಾರ್ಟರ್, ಅಂದರೆ ಗಾರೆ, ಆಗಿ ಗಟ್ಟಿಯಾಗುತ್ತದೆ. ಆಮೇಲೆ ಬ್ರಷ್‌ಗೆ ಬಗ್ಗುವುದಿಲ್ಲ. ನೀವು ಹೇಳಿದ ಹಲ್ಲು ಮೇಲಿನ ನಾಲ್ಕನೇ ಪ್ರೀಮೋಲರ್, ಅಂದರೆ ಕೋರೆಹಲ್ಲಿನ ಹಿಂದಿನ ಸಾಲಿನದು. ಹಲ್ಲಿಗೆ ಸಂಖ್ಯೆ ಕೊಡುವ ಚಾರ್ಟ್‌ನಲ್ಲಿ ಬಲಗಡೆಯದು 108, ಎಡಗಡೆಯದು 208. ಕೆನ್ನೆಯ ಜೊಲ್ಲುಗ್ರಂಥಿಯ ನಾಳ ಅದರ ಎದುರಿಗೇ ತೆರೆದುಕೊಳ್ಳುವುದರಿಂದ ಗಾರೆ ಮೊದಲು ಅಲ್ಲೇ ಕಟ್ಟುತ್ತದೆ.

ಎಚ್ಚರ ಇರುವ ನಾಯಿಯ ಬಾಯಲ್ಲಿ ಸ್ಕೇಲರ್‌ಗೆ ಸಿಗುವುದು ಹಲ್ಲಿನ ಹೊರಮೈ ಮಾತ್ರ, ಅದೂ ವಸಡಿಗಿಂತ ಮೇಲಿನ ಭಾಗ. ನಾಲಿಗೆ ಕಡೆಯ ಮೈ, ಹಲ್ಲುಗಳ ಸಂದಿ, ವಸಡಿನ ಚೀಲ ಯಾವುದೂ ಸಿಗುವುದಿಲ್ಲ. ಲೋಹದ ಮೊನೆ ಎನಾಮೆಲ್ ಮೇಲೆ ಸಣ್ಣ ಗೀರು ಬಿಡುತ್ತದೆ. ಪಾಲಿಶ್ ಮಾಡದಿದ್ದರೆ ಆ ಗೀರುಗಳಲ್ಲಿ ಪ್ಲಾಕ್ ಇನ್ನೂ ಬೇಗ ಹಿಡಿಯುತ್ತದೆ. ನಾಯಿ ತಲೆ ಕೊಡವಿದರೆ ಮೊನೆ ನೇರ ವಸಡಿಗೆ. ಕಿತ್ತುಬಂದ ಗಾರೆಯ ಚೂರು, ರಕ್ತ ಶ್ವಾಸನಾಳಕ್ಕೆ ಇಳಿಯದಂತೆ ತಡೆಯಲು ಅಲ್ಲಿ ಟ್ಯೂಬೂ ಇರುವುದಿಲ್ಲ. ಇಷ್ಟೆಲ್ಲ ಆದಮೇಲೆ ಹಲ್ಲು ಬೆಳ್ಳಗೆ ಕಾಣುತ್ತದೆ, ಮನೆಯವರು ಮುಂದಿನ ಎರಡು ವರ್ಷ ಬಾಯಿ ಎತ್ತಿ ನೋಡುವುದಿಲ್ಲ. ನನ್ನ ಪ್ರಕಾರ ಅದೇ ದೊಡ್ಡ ನಷ್ಟ. ಅಮೆರಿಕನ್ ವೆಟರ್ನರಿ ಡೆಂಟಲ್ ಕಾಲೇಜ್, ವರ್ಲ್ಡ್ ಸ್ಮಾಲ್ ಅನಿಮಲ್ ವೆಟರ್ನರಿ ಅಸೋಸಿಯೇಷನ್ ಎರಡೂ ಅರಿವಳಿಕೆ ಇಲ್ಲದ ಕ್ಲೀನಿಂಗ್ ಬೇಡ ಎಂದೇ ಹೇಳುತ್ತವೆ.

5 ಕೆಜಿ ನಾಯಿಗೆ ಎಕ್ಸ್‌ರೇ ಯಾಕೆ ಅಂದರೆ, ಸಣ್ಣ ತಳಿಗಳಲ್ಲಿ ದವಡೆಗೆ ಹೋಲಿಸಿದರೆ ಹಲ್ಲು ತೀರಾ ದೊಡ್ಡದು. ಕೆಳಗಿನ ಮೊದಲ ಮೋಲರ್, ಅಂದರೆ ಹಿಂದಿನ ದವಡೆಹಲ್ಲಿನ (309, 409) ಬೇರು ದವಡೆಮೂಳೆಯ ಕೆಳ ಅಂಚಿನ ಹತ್ತಿರದವರೆಗೂ ಇಳಿದಿರುತ್ತದೆ. ಅದರ ಸುತ್ತ ಮೂಳೆ ಕರಗಿದ್ದರೆ ಸೋಫಾದಿಂದ ಹಾರಿದ ಪೆಟ್ಟಿಗೂ ದವಡೆ ಮುರಿಯಬಹುದು, ಹಲ್ಲು ಕೀಳುವಾಗ ವೈದ್ಯರ ಕೈಯಲ್ಲೇ ಮುರಿಯಲೂಬಹುದು. ಮೊದಲೇ ಚಿತ್ರ ಇದ್ದರೆ ಎಷ್ಟು ಮೂಳೆ ಉಳಿದಿದೆ ಅನ್ನುವುದು ಗೊತ್ತಿರುತ್ತದೆ.

ಸೀಟಿ:
ವಸಡು ಕೆಂಪಗಿದೆಯಾ ಇಲ್ಲವಾ ಅಂತ ನೋಡಿದರೆ ಸಾಲದಾ? ಎಲ್ಲ ಹಲ್ಲಿಗೂ ಎಕ್ಸ್‌ರೇ ಅನ್ನುವುದು ಸ್ವಲ್ಪ ಅತಿ ಅನಿಸುತ್ತದೆ.

ದಂತಪಶು:
ಕೆಂಪು ವಸಡು ಉರಿಯೂತ ಇದೆ ಅಂತಷ್ಟೇ ಹೇಳುತ್ತದೆ, ಆಳ ಹೇಳುವುದಿಲ್ಲ. ಆಳಕ್ಕೆ ಮಿಲಿಮೀಟರ್ ಗುರುತಿರುವ ಪ್ರೋಬ್, ಅಂದರೆ ತೆಳು ಅಳತೆಕಡ್ಡಿ ಬೇಕು. ನಾಯಿಯಲ್ಲಿ ವಸಡಿನ ಸಂದು 3 ಮಿ.ಮೀ.ವರೆಗೆ ಇದ್ದರೆ ಸಹಜ, ಬೆಕ್ಕಿನಲ್ಲಿ 1 ಮಿ.ಮೀ. ದಾಟಿದರೆ ಅನುಮಾನ. ಒಂದೊಂದು ಹಲ್ಲಿನ ಸುತ್ತ ಹಲವು ಕಡೆ ಅಳೆಯಬೇಕು, ಯಾಕೆಂದರೆ ಒಂದು ಕಡೆ 2 ಇದ್ದು ಪಕ್ಕದಲ್ಲೇ 8 ಇರುವುದುಂಟು. ಮೇಲಿನ ಕೋರೆಹಲ್ಲಿನ ಅಂಗುಳದ ಕಡೆ ಈ ಮೋಸ ಜಾಸ್ತಿ: ಹೊರಗಿನಿಂದ ಹಲ್ಲು ಚೆನ್ನಾಗಿರುತ್ತದೆ, ಒಳಗಡೆ ಪ್ರೋಬ್ ಇಳಿಯುತ್ತಾ ಹೋಗಿ ಮೂಗಿನಿಂದ ರಕ್ತ ಬರುತ್ತದೆ. ಅಂದರೆ ಬಾಯಿಗೂ ಮೂಗಿಗೂ ನಡುವೆ ತೂತು ಬಿದ್ದಿದೆ. ಇಂಥ ನಾಯಿಗಳಿಗೆ ತಿಂಗಳುಗಟ್ಟಲೆ ಸೀನಿಗೆ, ಅಲರ್ಜಿಗೆ ಅಂತ ಔಷಧ ನಡೆದಿರುತ್ತದೆ.

ವಸಡುರೋಗದ ಹಂತಗಳು ನಾಲ್ಕು. ಮೊದಲನೆಯದು ಬರೀ ವಸಡಿನ ಉರಿಯೂತ, ಇಲ್ಲಿಂದ ಪೂರ್ತಿ ಹಿಂದಕ್ಕೆ ಬರಬಹುದು. ಹಲ್ಲಿಗಿರುವ ಆಧಾರ 25 ಶೇಕಡಾದೊಳಗೆ ಹೋಗಿದ್ದರೆ ಎರಡನೆಯದು, 25ರಿಂದ 50 ಮೂರನೆಯದು, 50 ದಾಟಿದರೆ ನಾಲ್ಕನೆಯದು. ನಾಲ್ಕಕ್ಕೆ ಸಾಮಾನ್ಯವಾಗಿ ಹಲ್ಲು ಕೀಳುವುದೇ ದಾರಿ. ಎರಡು, ಮೂರರಲ್ಲಿ ಉಳಿಸಬಹುದು, ಆದರೆ ಮನೆಯಲ್ಲಿ ದಿನಾ ಉಜ್ಜುವವರಿದ್ದರೆ ಮಾತ್ರ. ಉಜ್ಜಲು ಆಗುವುದೇ ಇಲ್ಲ ಅನ್ನುವ ಮನೆಯಾದರೆ ಮೂರನೇ ಹಂತದ ಹಲ್ಲನ್ನೂ ತೆಗೆಸುವುದು ಪ್ರಾಣಿಗೆ ಒಳ್ಳೆಯದು. ಈ ಮಾತು ಎಷ್ಟೋ ಜನಕ್ಕೆ ಹಿಡಿಸುವುದಿಲ್ಲ, ಇರಲಿ.

ನಾಲ್ಕುಕಾಲು:
ವಯಸ್ಸಾದ ನಾಯಿಗೆ ಅರಿವಳಿಕೆ ಅಪಾಯ ಅಂತಾರಲ್ಲ?

ಅರಿವಳಿಕೆ_ಮೇಜು:
ಅಪಾಯ ಶೂನ್ಯ ಅಲ್ಲ. ಆದರೆ ಅದನ್ನು ನಿರ್ಧರಿಸುವುದು ಹೃದಯ, ಕಿಡ್ನಿ, ಲಿವರ್ ಸ್ಥಿತಿ ಮತ್ತು ಮೇಜಿನ ಪಕ್ಕ ಯಾರು ನಿಂತಿದ್ದಾರೆ ಅನ್ನುವುದು. ವಯಸ್ಸು ಆಮೇಲೆ. ಈ ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳಿ:

ರಕ್ತಪರೀಕ್ಷೆ ಮೊದಲೇ ಆಗುತ್ತದಾ? ಎದೆಯಲ್ಲಿ ಮರ್ಮರ್ (ಹೃದಯದ ಅಸಹಜ ಸದ್ದು) ಕೇಳಿಸಿದರೆ ಎಕೋ (ಹೃದಯದ ಸ್ಕ್ಯಾನ್) ಮಾಡುತ್ತಾರಾ? ಕಫ್ (ಸುತ್ತ ಗಾಳಿಯಿಂದ ಉಬ್ಬುವ ಪಟ್ಟಿ) ಇರುವ ಟ್ಯೂಬ್ ಶ್ವಾಸನಾಳಕ್ಕೆ ಹಾಕುತ್ತಾರಾ? ಬರೀ ಇಂಜೆಕ್ಷನ್ ಕೊಟ್ಟು ಮಂಪರಿನಲ್ಲಿ ಕೆರೆಯುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಅಲ್ಟ್ರಾಸೋನಿಕ್ ಸ್ಕೇಲರ್ ಒಂದೇ ಸಮ ನೀರು ಚಿಮ್ಮುತ್ತದೆ, ಕಾಪಾಡದ ಶ್ವಾಸನಾಳಕ್ಕೆ ಆ ಕೊಳಕು ನೀರು ಇಳಿದರೆ ನ್ಯುಮೋನಿಯಾ. ಸಲೈನ್ ಹಾಕುತ್ತಾರಾ? ಆಮ್ಲಜನಕದ ಮಟ್ಟ, ಉಸಿರಿನ ಕಾರ್ಬನ್ ಡೈಆಕ್ಸೈಡ್, ಇಸಿಜಿ, ರಕ್ತದೊತ್ತಡ, ಮೈ ಶಾಖ ಇವನ್ನು ನೋಡಲೆಂದೇ ಇನ್ನೊಬ್ಬರು ಇರುತ್ತಾರಾ? ಹಲ್ಲು ಮಾಡುವವರೇ ಮಾನಿಟರ್ ಕೂಡ ನೋಡಿಕೊಳ್ಳುತ್ತಾರೆ ಅನ್ನುವುದು ಒಪ್ಪುವ ಉತ್ತರ ಅಲ್ಲ.

ಸಣ್ಣ ಪ್ರಾಣಿಯಲ್ಲಿ ಮೈ ತಣ್ಣಗಾಗುವುದು ಎಲ್ಲರೂ ಕಡೆಗಣಿಸುವ ತೊಂದರೆ. ತಲೆ, ಕುತ್ತಿಗೆ ನೀರಿನಲ್ಲಿ ತೋಯ್ದಿರುತ್ತದೆ, ಕೆಲಸ ಒಂದೆರಡು ಗಂಟೆ ನಡೆಯುತ್ತದೆ. ಶಾಖ ಇಳಿದರೆ ಎಚ್ಚರವಾಗುವುದು ತಡ. ಬಿಸಿಗಾಳಿ ಹೊದಿಕೆ ಇಟ್ಟಿರಬೇಕು, ಕುತ್ತಿಗೆ ಕೆಳಗಿನ ಒದ್ದೆ ಟವೆಲ್ ಆಗಾಗ ಬದಲಿಸಬೇಕು.

ಬೆಕ್ಕಿಗೆ ಇನ್ನೆರಡು ಎಚ್ಚರಿಕೆ. ಟ್ಯೂಬಿನ ಕಫ್ ಅತಿಯಾಗಿ ಉಬ್ಬಿಸಿದರೆ, ಅಥವಾ ಅರಿವಳಿಕೆ ಯಂತ್ರದ ಪೈಪನ್ನು ಟ್ಯೂಬಿನಿಂದ ಕಳಚದೆ ಬೆಕ್ಕನ್ನು ಮಗ್ಗುಲು ತಿರುಗಿಸಿದರೆ ಶ್ವಾಸನಾಳ ಹರಿಯಬಹುದು. ಹಾಗೇ ಸ್ಪ್ರಿಂಗ್ ಇರುವ ಬಾಯಿಗ್ಯಾಗ್ (ಬಾಯಿ ತೆರೆದಿಡುವ ಸಾಧನ) ಬೆಕ್ಕಿಗೆ ಬೇಡವೇ ಬೇಡ. ಬಾಯಿಯನ್ನು ಪೂರ್ತಿ ಅಗಲಿಸಿಟ್ಟರೆ ಮೆದುಳಿಗೂ ಕಣ್ಣಿನ ಪರದೆಗೂ ರಕ್ತ ಒಯ್ಯುವ ಮ್ಯಾಕ್ಸಿಲರಿ ರಕ್ತನಾಳ ಒತ್ತಿಕೊಂಡು, ಎದ್ದ ಬೆಕ್ಕು ಕುರುಡಾಗಿರುವ ಪ್ರಕರಣಗಳು ದಾಖಲಾಗಿವೆ.

ಹಿಂದಿನ ರಾತ್ರಿಯಿಂದ ಎಷ್ಟು ಹೊತ್ತು ಉಪವಾಸ ಅನ್ನುವುದನ್ನು ಆಸ್ಪತ್ರೆಯವರಿಂದಲೇ ಕೇಳಿ. ಮರಿಗಳಿಗೆ, ಸಕ್ಕರೆ ಕಾಯಿಲೆ ಇರುವವಕ್ಕೆ ಲೆಕ್ಕ ಬೇರೆ.

ಸೀಟಿ:
ಕ್ಲೀನಿಂಗ್ ಹೊತ್ತಿನಲ್ಲಿ ಕ್ರಮ ಏನು ಅಂತ ಯಾರಾದರೂ ಬರೆಯಿರಿ. ಬಿಲ್ಲಿನಲ್ಲಿ "ಸ್ಕೇಲಿಂಗ್" ಅಂತ ಒಂದೇ ಸಾಲು ಇರುತ್ತದೆ.

ದಂತಪಶು:
ಮೊದಲು 0.12 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಬಾಯಿ ತೊಳೆಯುವುದು. ದೊಡ್ಡ ಗಾರೆಯನ್ನು ಇಕ್ಕಳದಲ್ಲಿ ಹುಷಾರಾಗಿ ಒಡೆದು, ಉಳಿದದ್ದನ್ನು ಅಲ್ಟ್ರಾಸೋನಿಕ್‌ನಲ್ಲಿ ತೆಗೆಯುವುದು. ಮೊನೆಯ ಪಕ್ಕೆ ತಾಗಬೇಕು, ತುದಿ ಚುಚ್ಚಬಾರದು. ಒಂದೇ ಹಲ್ಲಿನ ಮೇಲೆ ಒಂದೇ ಸಲಕ್ಕೆ 10-15 ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಿದರೆ ಬಿಸಿಗೆ ಒಳಗಿನ ಜೀವತಿರುಳು ಸಾಯುತ್ತದೆ, ಅದಕ್ಕೇ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಹೋಗಿ ಮತ್ತೆ ಹಿಂದಕ್ಕೆ ಬರುವುದು. ಆಮೇಲೆ ವಸಡಿನ ಕೆಳಗೆ, ಕ್ಯುರೆಟ್ ಎಂಬ ಕೆರೆಯುವ ಕೈಸಾಧನದಿಂದ ಅಥವಾ ಅದಕ್ಕೆಂದೇ ಇರುವ ತೆಳು ತುದಿಯಿಂದ. ಚಿಕಿತ್ಸೆ ಅಂದರೆ ಇದೇ, ಮಿಕ್ಕಿದ್ದೆಲ್ಲ ಅಂದಕ್ಕೆ. ನಂತರ ಪ್ರೋಬ್, ಚಾರ್ಟ್, ಎಕ್ಸ್‌ರೇ. ಕೊನೆಗೆ ಕಡಿಮೆ ವೇಗದಲ್ಲಿ, ಪೇಸ್ಟ್ ಧಾರಾಳ ಹಾಕಿ ಪಾಲಿಶ್, ವಸಡಿನ ಸಂದು ತೊಳೆಯುವುದು, ಗಂಟಲಿಗೆ ಗಾಜ್ (ಜಾಳು ಬಟ್ಟೆ) ಇಟ್ಟಿದ್ದರೆ ಎಣಿಸಿ ತೆಗೆಯುವುದು.

ಚಾರ್ಟ್‌ನ ಮತ್ತು ಎಕ್ಸ್‌ರೇಯ ಪ್ರತಿ ಕೇಳಿ ಪಡೆಯಿರಿ. ಬೆಳೆದ ನಾಯಿಗೆ 42 ಹಲ್ಲು, ಬೆಕ್ಕಿಗೆ 30. ಚಾರ್ಟ್‌ನಲ್ಲಿ ಇಲ್ಲದ ಹಲ್ಲಿನ ಜಾಗದಲ್ಲಿ ಬೇರು ಉಳಿದಿದೆಯಾ, ಹಲ್ಲು ಒಳಗೇ ಹೂತಿದೆಯಾ ಅಂತ ಚಿತ್ರ ನೋಡಲೇಬೇಕು. ಹೂತ ಹಲ್ಲಿನ ಸುತ್ತ ನೀರುಗಡ್ಡೆ ಬೆಳೆದು ದವಡೆಯನ್ನೇ ತಿನ್ನಬಹುದು. ಮೋಟುಮೂತಿ ತಳಿಗಳಲ್ಲಿ ಕೆಳಗಿನ ಮೊದಲ ಪ್ರೀಮೋಲರ್ ಜಾಗ ಇದಕ್ಕೆ ಹೆಸರುವಾಸಿ.

ಕರಿಬೆಕ್ಕು:
ಬೆಕ್ಕಿನ ಹಲ್ಲಿನ ಕಾಯಿಲೆಗಳ ವಿಷಯ ಯಾರೂ ಎತ್ತಲಿಲ್ಲ, ನಾನೇ ಬರೆಯುತ್ತೇನೆ. ಬೆಕ್ಕಿನಲ್ಲಿ ಗಾರೆಗಿಂತ ಹೆಚ್ಚು ಕಾಡುವುದು ಹಲ್ಲು ತಾನೇ ಕರಗುವ ಕಾಯಿಲೆ, ಟೂತ್ ರಿಸಾರ್ಪ್ಷನ್. ಸಾಮಾನ್ಯವಾಗಿ ಮೊದಲು ಸಿಗುವುದು ಕೆಳಗಿನ ಮೂರನೇ ಪ್ರೀಮೋಲರ್, 307 ಮತ್ತು 407. ಹಲ್ಲಿನ ಬುಡದಲ್ಲಿ ವಸಡು ಕೆಂಪಗೆ ಮೇಲೆ ಹತ್ತಿದ ಹಾಗೆ, ರವೆಯಷ್ಟು ಮಾಂಸ ಬೆಳೆದ ಹಾಗೆ ಕಾಣುತ್ತದೆ. ಅಲ್ಲಿ ಹತ್ತಿಕಡ್ಡಿ ತಾಗಿಸಿದರೆ ಬೆಕ್ಕಿನ ದವಡೆ ಟಕಟಕ ಅದುರುತ್ತದೆ, ಅರಿವಳಿಕೆಯಲ್ಲಿದ್ದರೂ ಅದುರುವುದುಂಟು. ನೋವು ಅಷ್ಟಿರುತ್ತದೆ.

ಕಾರಣ ಇನ್ನೂ ಖಚಿತವಾಗಿಲ್ಲ. ಸಿಮೆಂಟ್ ತುಂಬಿ ಉಳಿಸುವ ಪ್ರಯತ್ನಗಳು ಹಿಂದೆ ನಡೆದವು, ಕರಗುವುದು ನಿಲ್ಲಲಿಲ್ಲ. ತೆಗೆಯುವುದೇ ಚಿಕಿತ್ಸೆ. ಆದರೆ ಹೇಗೆ ತೆಗೆಯಬೇಕು ಅನ್ನುವುದನ್ನು ಎಕ್ಸ್‌ರೇ ಹೇಳುತ್ತದೆ. ಬೇರು, ಅದರ ಸುತ್ತಲ ಕಪ್ಪು ಗೆರೆ ಎರಡೂ ಸ್ಪಷ್ಟವಾಗಿ ಕಂಡರೆ ಮೊದಲ ಬಗೆ, ಬೇರು ಸಮೇತ ಕೀಳಬೇಕು. ಬೇರು ಮೂಳೆಯಲ್ಲಿ ಕರಗಿ ಬೆರೆತು ಮಾಸಿಹೋಗಿದ್ದರೆ ಎರಡನೇ ಬಗೆ, ಅಲ್ಲಿ ಮೇಲಿನ ಭಾಗ ಕತ್ತರಿಸಿ ವಸಡು ಹೊಲಿದರೆ ಸಾಕು. ಅಂಥ ಬೇರನ್ನು ಅಗೆಯಲು ಹೋದರೆ ಮೂಳೆಯೇ ಹಾಳು. ಬೇರಿನ ತುದಿಯಲ್ಲಿ ಕೀವು ಇದ್ದರೆ, ಅಥವಾ ಬಾಯಿಯೆಲ್ಲ ಉರಿಯೂತ ಇದ್ದರೆ ಈ ಅರ್ಧ ಕತ್ತರಿಸುವ ದಾರಿ ನಡೆಯುವುದಿಲ್ಲ. ಹೀಗಾಗಿ ಎಕ್ಸ್‌ರೇ ಇಲ್ಲದ ಕಡೆ ಬೆಕ್ಕಿನ ಹಲ್ಲು ಕೀಳಿಸಬೇಡಿ.

ಇನ್ನೊಂದು ಬಾಯಿ ಪೂರ್ತಿ ಹುಣ್ಣಾಗುವ ಸ್ಟೊಮಟೈಟಿಸ್. ಗಂಟಲ ಹತ್ತಿರ, ದವಡೆಯ ಹಿಂದಿನ ಮಡಿಕೆಯಲ್ಲಿ ಹಸಿಮಾಂಸದಂತೆ ಕೆಂಪು. ಬೆಕ್ಕು ಬಟ್ಟಲ ಹತ್ತಿರ ಓಡಿ ಬರುತ್ತದೆ, ಒಂದು ತುತ್ತು ಬಾಯಿಗೆ ಹಾಕಿಕೊಂಡು ಚೀರಿ ಓಡುತ್ತದೆ. ಮೈ ನೆಕ್ಕಿಕೊಳ್ಳುವುದು ಬಿಟ್ಟು ಕೂದಲು ಜಡೆಗಟ್ಟುತ್ತದೆ. ಬೆಕ್ಕಿನ ಕ್ಯಾಲಿಸಿ ವೈರಸ್‌ಗೂ ಇದಕ್ಕೂ ನಂಟಿದೆ; ಎಫ್ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್), ಲ್ಯುಕೀಮಿಯಾ ವೈರಸ್ ಪರೀಕ್ಷೆ ಮಾಡಿಸಿಬಿಡಿ. ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮೊದಮೊದಲು ಮಾಯವಾದ ಹಾಗೆ ಆಗಿ ಆಮೇಲೆ ಗುಣ ಕಾಣುವ ಅವಧಿ ಕಡಿಮೆಯಾಗುತ್ತಾ ಬರುತ್ತದೆ. ಪ್ರೀಮೋಲರ್, ಮೋಲರ್ ಎಲ್ಲ ಬೇರು ಉಳಿಯದಂತೆ ತೆಗೆಸಿದರೆ ಸುಮಾರು ಮೂರರಲ್ಲಿ ಎರಡು ಬೆಕ್ಕುಗಳಿಗೆ ಒಳ್ಳೆಯ ಗುಣ ಸಿಗುತ್ತದೆ. ಹಲ್ಲಿಲ್ಲದ ಬೆಕ್ಕು ಏನು ತಿನ್ನುತ್ತದೆ ಅಂತ ಚಿಂತೆ ಬೇಡ, ಗಟ್ಟಿ ಕಾಳನ್ನೇ ನುಂಗುವ ಬೆಕ್ಕುಗಳಿವೆ.

ನಾಲ್ಕುಕಾಲು:
ಸರಿ, ಅರಿವಳಿಕೆ ಕೊಟ್ಟೇ ಮಾಡಿಸುತ್ತೇವೆ. ಆಮೇಲೆ ಮನೆಯಲ್ಲಿ ಉಜ್ಜುವುದು ಹೇಗೆ? ಮೂತಿ ಮುಟ್ಟಿದರೆ ಗುರ್ ಅನ್ನುತ್ತದೆ.

ಸೀಟಿ:
ಇದು ನನ್ನ ವಿಷಯ. ನೋವಿರುವ ಬಾಯಿಗೆ ಬ್ರಷ್ ಹಾಕಬೇಡಿ. ಮೊದಲು ಚಿಕಿತ್ಸೆ ಮುಗಿದು ವಸಡು ಮಾಯಲಿ. ಇಲ್ಲದಿದ್ದರೆ ಬ್ರಷ್ ಅಂದರೆ ನೋವು ಅಂತ ಕಲಿತುಬಿಡುತ್ತದೆ, ಅದನ್ನು ಬಿಡಿಸುವುದು ದುಪ್ಪಟ್ಟು ಕೆಲಸ.

ಮೊದಲ ವಾರ ಬರೀ ಪೇಸ್ಟ್ ನೆಕ್ಕಿಸಿ, ಪ್ರಾಣಿಗಳಿಗೆಂದೇ ಮಾಡಿದ್ದು, ಕೋಳಿ ಅಥವಾ ಮೀನಿನ ರುಚಿಯದು. ಎರಡನೇ ವಾರ ಬೆರಳಿಗೆ ಪೇಸ್ಟ್ ಹಚ್ಚಿ ತುಟಿ ಎತ್ತಿ ಕೋರೆಹಲ್ಲಿಗೆ ಸವರಿ, ತಕ್ಷಣ ತಿಂಡಿ. ಆಮೇಲೆ ಬೆರಳಿಗೆ ಗಾಜ್ ಸುತ್ತಿ, ಆಮೇಲೆ ಮೆತ್ತನೆ ಬ್ರಷ್. ಸಣ್ಣ ನಾಯಿಗೆ, ಬೆಕ್ಕಿಗೆ ಮಗುವಿನ ಅತಿ ಮೃದು ಬ್ರಷ್ ಸಾಕು. ಬೆರಳಿಗೆ ಹಾಕುವ ರಬ್ಬರ್ ಟೋಪಿಯ ಬ್ರಷ್ ನನಗೆ ಮೆಚ್ಚುಗೆ ಇಲ್ಲ. ಮುಳ್ಳು ದಪ್ಪ, ವಸಡಿನ ಸಂದಿಗೆ ಇಳಿಯುವುದಿಲ್ಲ, ಬೆರಳು ಕಚ್ಚಿಸಿಕೊಳ್ಳುವ ಅವಕಾಶವೂ ಹೆಚ್ಚು.

ಬಾಯಿ ತೆರೆಸಬೇಡಿ. ಹೆಚ್ಚಿನವರು ಸೋಲುವುದು ಇಲ್ಲೇ. ಮೂತಿಯನ್ನು ಮೇಲಿನಿಂದ ಹಗುರವಾಗಿ ಹಿಡಿದು ಬಾಯಿ ಮುಚ್ಚಿರುವಂತೆಯೇ ಕೆನ್ನೆಯೊಳಗೆ ಬ್ರಷ್ ಜಾರಿಸಿ. ಮುಳ್ಳು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿರಲಿ, ಸಣ್ಣ ಸುತ್ತು ಹಾಕುತ್ತಾ ಹಿಂದಿನಿಂದ ಮುಂದಕ್ಕೆ ಬನ್ನಿ. ಹೊರಮೈ ಮಾತ್ರ ಸಾಕು, ಒಳಮೈಯನ್ನು ನಾಲಿಗೆ ತಕ್ಕಮಟ್ಟಿಗೆ ಉಜ್ಜುತ್ತಿರುತ್ತದೆ. ಒಂದು ಕಡೆಗೆ 30 ಸೆಕೆಂಡು ಸಿಕ್ಕರೆ ಭಾಗ್ಯ. ಅರ್ಧದಲ್ಲಿ ಎದ್ದುಹೋದರೆ ಬಿಡಿ, ನಾಳೆ ಇನ್ನೊಂದು ಕಡೆಯಿಂದ ಶುರುಮಾಡಿ. ಎಷ್ಟು ಸಲ ಅಂದರೆ ದಿನಾ. ವಾರಕ್ಕೊಮ್ಮೆ ಉಜ್ಜಿದರೆ ಪ್ಲಾಕ್ ಅಷ್ಟರೊಳಗೆ ಎರಡು ಸಲ ಗಟ್ಟಿಯಾಗಿರುತ್ತದೆ.

ಪೇಸ್ಟ್ ಮುಖ್ಯವಲ್ಲ, ಮುಳ್ಳಿನ ತಿಕ್ಕಾಟ ಮುಖ್ಯ. ಪೇಸ್ಟ್ ಹಿಡಿಸದಿದ್ದರೆ ನೀರಲ್ಲಿ ಅದ್ದಿ ಉಜ್ಜಿ.

ಬಾಲಂಗೋಚಿ:
ನಮ್ಮದೇ ಪೇಸ್ಟ್ ಸ್ವಲ್ಪ ಹಚ್ಚಿದರೆ ಏನು? ಅಥವಾ ಅಡುಗೆ ಸೋಡಾ?

ದಂತಪಶು:
ಎರಡೂ ಬೇಡ. ಮನುಷ್ಯರ ಪೇಸ್ಟನ್ನು ನಾವು ಉಗುಳುತ್ತೇವೆ, ಅವು ನುಂಗುತ್ತವೆ. ಫ್ಲೋರೈಡ್, ನೊರೆ ಬರಿಸುವ ವಸ್ತು ಹೊಟ್ಟೆ ಕೆಡಿಸುತ್ತವೆ. ಸಕ್ಕರೆಯ ಬದಲು ಹಾಕುವ ಸಿಹಿವಸ್ತು ಕ್ಸೈಲಿಟಾಲ್ ಇದ್ದರೆ ನಾಯಿಗೆ ವಿಷವೇ: ಇನ್ಸುಲಿನ್ ಒಮ್ಮೆಲೇ ಏರಿ ರಕ್ತದ ಸಕ್ಕರೆ ಕುಸಿಯುತ್ತದೆ, ಪ್ರಮಾಣ ಹೆಚ್ಚಾದರೆ ಲಿವರ್ ಹೋಗುತ್ತದೆ. ಸಕ್ಕರೆರಹಿತ ಚ್ಯೂಯಿಂಗ್ ಗಮ್, ಮೌತ್‌ವಾಶ್‌ಗಳಲ್ಲೂ ಇರುತ್ತದೆ, ಲೇಬಲ್ ಓದಿ. ಅಡುಗೆ ಸೋಡಾದಲ್ಲಿ ಸೋಡಿಯಂ ಜಾಸ್ತಿ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ ದಿನಾ ನುಂಗಿಸುವ ವಸ್ತುವಲ್ಲ.

ಕ್ಲೋರ್‌ಹೆಕ್ಸಿಡಿನ್ ಜೆಲ್ ಬರೆದುಕೊಟ್ಟರೆ ಬಾಯಿಗೆಂದೇ ಇರುವ 0.12 ಶೇಕಡಾದ್ದನ್ನೇ ತನ್ನಿ. ಚರ್ಮಕ್ಕೆ, ನೆಲಕ್ಕೆ ಬಳಸುವ ಗಾಢ ದ್ರಾವಣ ಬಾಯಿ ಸುಡುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆ, ಅದು ಬರೀ ಬಣ್ಣ.

ಬಾಲಂಗೋಚಿ:
ಮೂಳೆ ಕಡಿಯಲು ಕೊಟ್ಟರೆ ಹಲ್ಲು ತಾನೇ ಕ್ಲೀನ್ ಆಗುತ್ತದೆ ಅಂತಾರೆ. ಕಾಡುಪ್ರಾಣಿಗಳಿಗೆ ಯಾರು ಬ್ರಷ್ ಮಾಡ್ತಾರೆ?

ದಂತಪಶು:
ಕಾಡುಪ್ರಾಣಿಗಳ ತಲೆಬುರುಡೆಯಲ್ಲೂ ಮುರಿದ ಹಲ್ಲು, ವಸಡುರೋಗದ ಗುರುತು ಸಿಗುತ್ತದೆ. ಮೂಳೆ ಕಡಿದರೆ ಗಾರೆ ಸ್ವಲ್ಪ ಕಡಿಮೆಯಾಗುವುದು ನಿಜ, ಜೊತೆಗೆ 108, 208 ಹೊರಪದರ ಚಕ್ಕೆಯೆದ್ದು ಹೋಗುವುದೂ ನಿಜ. ಜಿಂಕೆ ಕೊಂಬು, ಗೊರಸು, ಗಟ್ಟಿ ನೈಲಾನ್, ಮಂಜುಗಡ್ಡೆ, ಕಲ್ಲು ಎಲ್ಲದರದ್ದೂ ಇದೇ ಕಥೆ. ಉಗುರಿನಿಂದ ಒತ್ತಿದರೆ ತಗ್ಗು ಬೀಳದ ವಸ್ತು ಹಲ್ಲಿಗೆ ಬೇಡ. ಟೆನಿಸ್ ಬಾಲ್‌ನ ಜುಂಗಿಗೆ ಮಣ್ಣು ಹಿಡಿದು ಮರಳುಕಾಗದವಾಗುತ್ತದೆ, ಸದಾ ಅದನ್ನೇ ಅಗಿಯುವ ನಾಯಿಯ ಕೋರೆ ಸವೆಯುತ್ತದೆ.

ಅಗಿಯಲು ಏನಾದರೂ ಕೊಡಲೇಬೇಕು ಅಂದರೆ ವೆಟರ್ನರಿ ಓರಲ್ ಹೆಲ್ತ್ ಕೌನ್ಸಿಲ್ ಮುದ್ರೆ ಇರುವ ಚ್ಯೂ ಅಥವಾ ಡೆಂಟಲ್ ಆಹಾರ ನೋಡಿ. ಪ್ಲಾಕ್‌ಗೋ ಟಾರ್ಟರ್‌ಗೋ ಅಂತ ಮುದ್ರೆಯಲ್ಲೇ ಹೇಳಿರುತ್ತದೆ. ಮಾಮೂಲಿ ಒಣ ಕಾಳು ಹಲ್ಲು ಉಜ್ಜುತ್ತದೆ ಅನ್ನುವುದು ಸುಳ್ಳು, ತುದಿ ತಾಗಿದ ಕೂಡಲೇ ಪುಡಿಯಾಗುತ್ತದೆ. ಡೆಂಟಲ್ ಆಹಾರದ ಕಾಳು ದೊಡ್ಡದು, ನಾರಿನ ಹೆಣಿಗೆಯಿರುವುದರಿಂದ ಹಲ್ಲು ಒಳಗೆ ಇಳಿದ ಮೇಲೆ ಒಡೆಯುತ್ತದೆ.

ಕರಿಬೆಕ್ಕು:
ಹಲ್ಲಿಗೆ ಒಳ್ಳೆಯದು ಅಂತ ಊಟಕ್ಕೆ ಬೆರೆಸುವ ಕಡಲಪಾಚಿ ಪುಡಿಯ ಬಗ್ಗೆಯೂ ಒಂದು ಮಾತು: ಅದರಲ್ಲಿ ಅಯೋಡಿನ್ ಇದೆ. ಥೈರಾಯ್ಡ್ ಹೆಚ್ಚಿರುವ ಬೆಕ್ಕಿಗೆ ವೈದ್ಯರನ್ನು ಕೇಳದೆ ಹಾಕಬೇಡಿ.

ಬಾಲಂಗೋಚಿ:
ಚಕ್ಕೆ ಎದ್ದ ಹಲ್ಲು ಇದ್ದರೂ ನಾಯಿ ಆರಾಮಾಗಿ ತಿನ್ನುತ್ತಿದ್ದರೆ ಬಿಡಬಹುದಲ್ಲ? ಹೆಚ್ಚೆಂದರೆ ಆ್ಯಂಟಿಬಯಾಟಿಕ್ ಕೋರ್ಸ್.

ದಂತಪಶು:
ತಿನ್ನುತ್ತಿದೆ ಅನ್ನುವುದು ನೋವಿಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ. ನೋವಿದ್ದರೂ ಹಸಿವು ತಿನ್ನಿಸುತ್ತದೆ. ಒಂದೇ ಕಡೆ ಅಗಿಯುವುದು, ಕಾಳು ಬಾಯಿಂದ ಉದುರುವುದು, ಅಗಿಯದೆ ನುಂಗುವುದು, ಒಂದೇ ಕಡೆ ಗಾರೆ ಹೆಚ್ಚಿರುವುದು, ಇವನ್ನು ನೋಡಿ. ಮುರಿದ ಜಾಗದಲ್ಲಿ ಕೆಂಪು ಅಥವಾ ಕಪ್ಪು ಚುಕ್ಕೆ ಇದ್ದು ಪ್ರೋಬ್‌ನ ತುದಿ ಒಳಗೆ ಇಳಿದರೆ ತಿರುಳು ತೆರೆದಿದೆ. ಅಲ್ಲಿಂದ ಸೋಂಕು ಬೇರಿನ ತುದಿಗೆ ಇಳಿಯುವುದು ಖಂಡಿತ. 108ರಲ್ಲಾದರೆ ಒಂದು ದಿನ ಕಣ್ಣಿನ ಕೆಳಗೆ ಬಾವು ಬಂದು ಒಡೆಯುತ್ತದೆ, ಎಷ್ಟೋ ಸಲ ಕಣ್ಣಿನ ಕಾಯಿಲೆ ಅಂತ ಡ್ರಾಪ್ಸ್ ಹಾಕುತ್ತಾ ಕೂರುತ್ತಾರೆ. ಆ್ಯಂಟಿಬಯಾಟಿಕ್ ಬಾವು ಇಳಿಸುತ್ತದೆ, ಆದರೆ ಸತ್ತ ತಿರುಳಿನೊಳಗೆ ರಕ್ತ ಓಡುವುದಿಲ್ಲವಾದ್ದರಿಂದ ಔಷಧ ಅಲ್ಲಿಗೆ ತಲುಪುವುದಿಲ್ಲ. ಮಾತ್ರೆ ನಿಂತ ಮೇಲೆ ಬಾವು ಮತ್ತೆ ಬರುತ್ತದೆ. ರೂಟ್ ಕೆನಾಲ್ ಇಲ್ಲವೇ ಕೀಳುವುದು, ಮೂರನೇ ದಾರಿಯಿಲ್ಲ. ಒಂದೂವರೆ ವರ್ಷದೊಳಗಿನ ನಾಯಿಯ ಹಲ್ಲು ಈಗಷ್ಟೇ ಮುರಿದಿದ್ದರೆ 48 ಗಂಟೆಯೊಳಗೆ ಹೋದರೆ ತಿರುಳನ್ನು ಜೀವಂತ ಉಳಿಸುವ ಚಿಕಿತ್ಸೆಗೆ ಅವಕಾಶವಿದೆ.

ಮರಿ ಇರುವವರಿಗೆ ಒಂದು ಮಾತು. 6-7 ತಿಂಗಳಿಗೆ ಹಾಲುಹಲ್ಲು ಪೂರ್ತಿ ಉದುರಿರಬೇಕು. ಒಂದೇ ಜಾಗದಲ್ಲಿ ಎರಡು ಕೋರೆ ಕಂಡರೆ ತಾನೇ ಬೀಳುತ್ತದೆ ಅಂತ ಕಾಯಬೇಡಿ. ಕೆಳಗಿನ ಹೊಸ ಕೋರೆ ಹಾಲುಹಲ್ಲಿನ ಒಳಮಗ್ಗುಲಲ್ಲಿ ಹುಟ್ಟುತ್ತದೆ. ಹಳೆಯದು ಕದಲದಿದ್ದರೆ ಹೊಸದು ಒಳಕ್ಕೇ ಬೆಳೆದು ಅಂಗುಳಕ್ಕೆ ಚುಚ್ಚುತ್ತದೆ.

ನಾಲ್ಕುಕಾಲು:
ಕೀಳಿಸಬೇಕಾಗಿ ಬಂದರೆ ಮನೆಗೆ ಬಂದ ಮೇಲೆ ಏನು ನೋಡಿಕೊಳ್ಳಬೇಕು?

ಅರಿವಳಿಕೆ_ಮೇಜು:
108ಕ್ಕೆ ಮೂರು ಬೇರು. ಹಲ್ಲನ್ನು ತುಂಡು ಮಾಡಿ ಒಂದೊಂದು ಬೇರನ್ನೂ ಬೇರೆಬೇರೆ ತೆಗೆದು, ಮೂಳೆಯ ಚೂಪು ಅಂಚು ನಯ ಮಾಡಿ, ವಸಡಿನ ಮಡಿಕೆ ಎಳೆದು ಹೊಲಿಯುತ್ತಾರೆ. ಎಳೆತ ಇಲ್ಲದೆ ಹೊಲಿದಿದ್ದರೆ ಬಿಡುವುದಿಲ್ಲ, ಎಳೆದು ಕಟ್ಟಿದ್ದರೆ ಕೆಲವೇ ದಿನದಲ್ಲಿ ಬಿಡುತ್ತದೆ. ಕಿತ್ತ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆದಿದ್ದಾರಾ ಕೇಳಿ, ಬೇರಿನ ತುದಿ ಉಳಿದಿದ್ದರೆ ಅದರಲ್ಲೇ ಗೊತ್ತಾಗುವುದು. ನರಕ್ಕೆ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧ ಕೊಟ್ಟಿದ್ದರೆ ಮೊದಲ ಕೆಲವು ಗಂಟೆ ನೋವು ಗೊತ್ತಾಗುವುದಿಲ್ಲ, ಅದು ಇಳಿಯುವ ಮೊದಲೇ ಬರೆದುಕೊಟ್ಟ ನೋವಿನ ಔಷಧ ಶುರುವಾಗಿರಲಿ. ಮನೆಯಲ್ಲಿರುವ ಮಾತ್ರೆ ಮುಟ್ಟಬೇಡಿ: ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತದೆ.

10-14 ದಿನ ಮೆತ್ತನೆ ಊಟ, ಅಗಿಯುವ ಆಟಿಕೆ, ಹಗ್ಗ ಎಳೆಯುವ ಆಟ ಬಂದ್. ಮೊದಲ ದಿನ ಜೊಲ್ಲಿನಲ್ಲಿ ತೆಳು ಕೆಂಪು ಸಹಜ. ಹನಿಹನಿಯಾಗಿ ರಕ್ತ ನಿಲ್ಲದೆ ಬಂದರೆ, ಊತ ಮೂರನೇ ದಿನ ಇಳಿಯುವ ಬದಲು ಏರಿದರೆ, ನೀರು ಕುಡಿದಾಗ ಮೂಗಿನಿಂದ ಬಂದರೆ ಫೋನ್ ಮಾಡಿ. ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೂ ಫೋನ್ ಮಾಡಿ, ಉಪವಾಸ ಮುಂದುವರಿದರೆ ಅದರ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಹೊಲಿಗೆ ದಾರ ತಾನೇ ಕರಗುತ್ತದೆ, ಎರಡು ವಾರಕ್ಕೆ ತೋರಿಸಿ, ಅವರು ಹೂಂ ಅಂದ ಮೇಲೆ ಆ ಕಡೆಗೂ ಬ್ರಷ್ ಹಾಕಿ. ಹೊಲಿಗೆ ಇಲ್ಲದ ಕಡೆ ಮುಂಚೆಯೇ ಶುರುಮಾಡಬಹುದಾ ಅಂತ ಬಿಡುಗಡೆಯ ದಿನವೇ ಕೇಳಿಕೊಂಡು ಬನ್ನಿ.